ನಲ್ಲಿ ನೀರಿನ ಸೀಸೆ

ಮೊದಲೇ ಹೇಳಿಬಿಡುತ್ತೇನೆ, ನಾನು ಮೈಗಳ್ಳ. ಸುಮ್ಮನೆ ಕೂತು ಹೊತ್ತು ಕಳೆಯುವ ಸಾಧಾರಣ ಮೈಗಳ್ಳನಲ್ಲ. ತಲೆ ಖರ್ಚು ಮಾಡಿ, ಕ್ರಮವಾಗಿ, ವಾರ ತಪ್ಪದೆ ಕೆಲಸ ತಪ್ಪಿಸಿಕೊಳ್ಳುವವನು. ಇದಕ್ಕಾಗಿ ಇಲಾಖೆಯವರು ನನಗೆ ಎರಡು ಸಲ ಪ್ರಶಂಸಾಪತ್ರ ಕೊಟ್ಟಿದ್ದಾರೆ.

ನಾನು ಕಾಯುವುದು ಒಂದು ಸಣ್ಣ ಮಣ್ಣಿನ ಅಣೆಕಟ್ಟನ್ನು. ಏರಿಯ ಒಂದು ಪಕ್ಕ ಹೊಲಗಳಿಗೆ ಬಿಡುವ ನೀರು, ಇನ್ನೊಂದು ಪಕ್ಕ ಹುಲ್ಲು ಬೆಳೆದ ಇಳಿಜಾರು, ಅದರ ಬುಡದಿಂದ ಅರ್ಧ ಮೈಲಿ ಕೆಳಗೆ ನಲವತ್ತು ಮನೆ, ಒಂದು ಶಾಲೆ. ಮಣ್ಣಿನ ಏರಿ ಎಂದಮೇಲೆ ಒಂದಿಷ್ಟು ನೀರು ಜಿನುಗಿಯೇ ಜಿನುಗುತ್ತದೆ, ಅದರಲ್ಲಿ ತಪ್ಪಿಲ್ಲ. ಜಿನುಗುವ ನೀರು ತಿಳಿಯಾಗಿರಬೇಕು, ಅಷ್ಟೇ. ಕೆಂಪಗೆ ಬಂತೆಂದರೆ ಅದು ಏರಿಯೊಳಗಿನ ಮಣ್ಣನ್ನು ಹೊತ್ತು ತರುತ್ತಿದೆ, ಒಳಗೊಳಗೇ ದಾರಿ ಕೊರೆಯುತ್ತಿದೆ ಎಂದರ್ಥ. ಹಾಗಾಗಿ ಪ್ರತಿ ಸೋಮವಾರ ಬೆಳಿಗ್ಗೆ ನಾನು ತೊಂಬತ್ತಾರು ಮೆಟ್ಟಿಲು ಇಳಿದು, ಬುಡದ ಚರಂಡಿಯಿಂದ ಗಾಜಿನ ಸೀಸೆಗೆ ನೀರು ತುಂಬಿ ಮೇಲೆ ತರಬೇಕು. ಅದನ್ನು ಒಂದು ದಿನ ಕಿಟಕಿಯಲ್ಲಿಟ್ಟು, ತಳದಲ್ಲಿ ಮಣ್ಣು ಕೂತಿದೆಯೇ ಎಂದು ನೋಡಿ ಪುಸ್ತಕದಲ್ಲಿ ಬರೆಯಬೇಕು.

ಮೊದಲ ವರ್ಷ ಇಳಿದೆ. ಎರಡನೇ ವರ್ಷ ಮಂಡಿನೋವು ಬಂತು. ನಿಜ ಹೇಳಬೇಕೆಂದರೆ ಆ ನೋವು ಬರುತ್ತಿದ್ದದ್ದು ಸೋಮವಾರ ಮಾತ್ರ. ಒಂದು ಮಳೆಯ ಬೆಳಿಗ್ಗೆ ಖಾಲಿ ಸೀಸೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಹಿಂದೆ ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ನೀರು ಅಂದಮೇಲೆ ನೀರೇ ಅಲ್ಲವೇ ಎಂದುಕೊಂಡೆ. ಅಲ್ಲಿಂದ ಹದಿನೇಳು ವರ್ಷ ಆ ನಲ್ಲಿಯೇ ನನ್ನ ಅಣೆಕಟ್ಟು.

ಮೋಸ ಮಾಡುವುದರಲ್ಲಿ ಮಾತ್ರ ನಾನು ಅಚ್ಚುಕಟ್ಟು. ಸೀಸೆಗಳಿಗೆ ತಾರೀಖಿನ ಚೀಟಿ ಅಂಟಿಸಿ ಸಾಲಾಗಿ ಜೋಡಿಸುತ್ತಿದ್ದೆ. ತಪಾಸಣೆಗೆ ಬಂದ ಎಂಜಿನಿಯರ್ ಮೇಡಂ ಒಂದನ್ನು ಬೆಳಕಿಗೆ ಹಿಡಿದು, "ಎಷ್ಟು ತಿಳಿಯಾಗಿದೆ ನೋಡಿ, ಕುಡೀಬಹುದು" ಅಂದರು. ನಾವು ಕುಡಿಯುವುದೇ ಅದನ್ನು ಎಂದು ನಾನು ಬಾಯಿ ಬಿಡಲಿಲ್ಲ. ಪ್ರತಿ ವಾರದ ಫಲಿತಾಂಶವನ್ನು ಕೆಳಗಿನ ಶಾಲೆಯ ಫಲಕಕ್ಕೆ ಅಂಟಿಸಬೇಕೆಂದು ಅಪ್ಪಣೆ ಮಾಡಿ ಹೋದರು.

ಆ ಶಾಲೆಯಲ್ಲಿ ಪಾಠ ಹೇಳುವವಳು ನನ್ನ ಒಬ್ಬಳೇ ಮಗಳು. ಮದುವೆಯಾಗಿ ಅಲ್ಲೇ ಎರಡನೇ ಮನೆಯಲ್ಲಿದ್ದಾಳೆ. ಚೀಟಿ ಅಂಟಿಸುವಾಗ ಮಕ್ಕಳಿಗೆ, "ಮೇಲೆ ನಮ್ಮಪ್ಪ ಇದಾರೆ, ನೀವೆಲ್ಲ ಧೈರ್ಯವಾಗಿ ಮಲ್ಕೊಳ್ಳಿ" ಅನ್ನುತ್ತಿದ್ದಳಂತೆ. ಇದನ್ನು ಅಳಿಯ ಬಂದು ಹೇಳಿದಾಗ ನನ್ನ ಎದೆ ಉಬ್ಬಿತು. ನಾಚಿಕೆಯಿಂದ ತಲೆ ತಗ್ಗಬೇಕಿತ್ತು, ಎದೆ ಉಬ್ಬಿತು. ನಾನು ಅಂಥವನು.

ಈ ವರ್ಷ ನೀರು ಅಂಚಿನವರೆಗೆ ತುಂಬಿದ ಮೇಲೆ ನನ್ನ ಹೆಂಡತಿಯ ದೂರು ಶುರುವಾಯಿತು.

"ರೀ, ನೀರಲ್ಲಿ ಮಣ್ಣು ಬರ್ತಿದೆ. ಪಾತ್ರೆ ತಳದಲ್ಲಿ ಕೂತ್ಕೋತಿದೆ."

"ಟ್ಯಾಂಕ್ ತೊಳೆದು ಎಷ್ಟು ದಿನ ಆಯ್ತು?"

"ಮೊನ್ನೆ ತಾನೆ ತೊಳ್ದಿದೀನಿ."

"ಇನ್ನೊಂದ್ಸಲ ತೊಳಿ."

ತೊಳೆದಳು. ಮುಂದಿನ ವಾರ ಮತ್ತೆ ಅದೇ ಗೋಳು. ನಲ್ಲಿಯ ಬಾಯಿಗೆ ಬಿಳಿ ಬಟ್ಟೆ ಕಟ್ಟಿದಳು, ಎರಡೇ ದಿನಕ್ಕೆ ಅದು ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಅದನ್ನು ಬಿಚ್ಚಿ ತಂದು ನನ್ನ ಮೂಗಿನ ಕೆಳಗೆ ಹಿಡಿದಳು. ಮನೆ ನಡೆಸುವವರಿಗೆ ಶುಚಿತ್ವ ಎಷ್ಟು ಮುಖ್ಯ ಎಂಬ ಬಗ್ಗೆ ನಾನು ಕೂತಲ್ಲಿಂದಲೇ ಒಂದು ಭಾಷಣ ಬಿಗಿದೆ.

ಮೂರನೇ ಸೋಮವಾರ ಎಂದಿನಂತೆ ಸೀಸೆ ತುಂಬಿ ಕಿಟಕಿಯಲ್ಲಿಟ್ಟೆ. ಮಂಗಳವಾರ ಬೆಳಿಗ್ಗೆ ನೋಡಿದರೆ ತಳದಲ್ಲಿ ಉಗುರು ದಪ್ಪದ ಕೆಂಪು ಮಣ್ಣು. ಇಂಥದ್ದನ್ನು ಕಂಡ ಕಾವಲುಗಾರ ಏನು ಮಾಡಬೇಕೆಂದು ಪುಸ್ತಕದ ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ನಾನು ಏನು ಮಾಡಿದೆ ಗೊತ್ತೇ? ಈ ಹೆಂಗಸಿನಿಂದ ನನ್ನ ಸೀಸೆಯೂ ಹಾಳಾಯಿತು ಎಂದು ಗೊಣಗಿ, ಅದನ್ನು ಚೆಲ್ಲಿ, ಕಾಯಿಸಿ ಸೋಸಿಟ್ಟಿದ್ದ ನೀರನ್ನು ತುಂಬಿದೆ. ಪುಸ್ತಕದಲ್ಲಿ 'ತಿಳಿ' ಎಂದು ಬರೆದೆ. ಅಕ್ಷರ ಬಲು ದುಂಡಗೆ ಬಂತು.

ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದಳು. ರೇಗಲಿಲ್ಲ.

"ಅಲ್ಲಾರೀ, ಟ್ಯಾಂಕಿಗೆ ನೀರು ಬರೋದು ಎಲ್ಲಿಂದ?"

"ಇನ್ನೆಲ್ಲಿಂದ, ಬಾವಿಯಿಂದ."

"ಬಾವಿ ಇರೋದು ಎಲ್ಲಿ?"

ಬಾವಿ ಇರುವುದು ಏರಿಯ ಬುಡದಲ್ಲಿ. ಏರಿಯಿಂದ ಜಿನುಗಿದ ನೀರೇ ಅದರ ಒರತೆ. ಪಂಪಿನ ಸ್ವಿಚ್ಚು ಮನೆಯಲ್ಲೇ ಇದ್ದುದರಿಂದ ಆ ಕಡೆ ತಲೆ ಹಾಕುವ ಪ್ರಮೇಯ ನನಗೆ ಬಂದಿರಲಿಲ್ಲ. ಹಾಗೆಂದು ಇದೇನು ಗೊತ್ತಿಲ್ಲದ ವಿಷಯವಲ್ಲ. ಯೋಚಿಸುವ ಶ್ರಮವನ್ನೂ ಉಳಿಸಿಕೊಂಡಿದ್ದೆ, ಅಷ್ಟೇ.

ಮೆಟ್ಟಿಲುಗಳನ್ನು ಓಡುತ್ತಲೇ ಇಳಿದೆ. ಮಂಡಿ ಚಕಾರ ಎತ್ತಲಿಲ್ಲ. ಬಾವಿಯ ನೀರು ಚಹಾದ ಬಣ್ಣಕ್ಕೆ ತಿರುಗಿತ್ತು. ಬಾವಿಗೂ ಮೆಟ್ಟಿಲಿಗೂ ನಡುವೆ, ಎತ್ತರದ ಹುಲ್ಲಿನೊಳಗೆ, ಊಟದ ತಟ್ಟೆಯಷ್ಟಗಲ ನೆಲ ಕುದಿಯುತ್ತಿತ್ತು. ನೀರು ಗುಳುಗುಳು ಎಂದು ಮೇಲೆದ್ದು ಸುತ್ತಲೂ ನುಣ್ಣನೆಯ ಕೆಂಪು ಮಣ್ಣನ್ನು ದಿಬ್ಬ ಮಾಡಿತ್ತು. ನಾನು ನೋಡುತ್ತಿದ್ದಂತೆಯೇ ಆ ದಿಬ್ಬದ ಒಂದು ಅಂಚು ಕುಸಿದು ಒಳಗೆ ಹೋಯಿತು.

ಮೇಡಂಗೆ ಫೋನ್ ಮಾಡಿದೆ. "ತೂಬಿನ ಬಾಗಿಲು ಪೂರ್ತಿ ಎತ್ತಿ, ನೀರು ಇಳೀಲಿ," ಅಂದರು. "ಮರಳು, ಜಲ್ಲಿ ತಗೊಂಡು ಬರೋಕೆ ನಮಗೆ ಎರಡು ಗಂಟೆ ಬೇಕು. ಅಷ್ಟರೊಳಗೆ ಕೆಳಗಿನ ಮನೆಗಳನ್ನ ಖಾಲಿ ಮಾಡಿಸಿ. ನೀವು ಹೇಳಿದ್ರೆ ಜನ ಕೇಳ್ತಾರೆ."

ತೂಬಿನ ಚಕ್ರವನ್ನು ನಾನೂ ಹೆಂಡತಿಯೂ ಸೇರಿ ತಿರುಗಿಸಿದೆವು. ಆಮೇಲೆ ಸೈಕಲ್ ಹತ್ತಿ ಕೆಳಗಿಳಿದೆ.

ಶಾಲೆಯ ಅಂಗಳದಲ್ಲಿ ಜನ ಸೇರಿದರು. ಏದುಸಿರು ಬಿಡುತ್ತಾ ಎಲ್ಲರೂ ಈಗಲೇ ದಿಣ್ಣೆ ಹತ್ತಬೇಕೆಂದೆ. ಯಾರೂ ಕದಲಲಿಲ್ಲ. ದರ್ಜಿ ಫಲಕದ ಕಡೆ ಕೈ ತೋರಿಸಿದ. "ಏರಿಯಣ್ಣ, ಹೋದ ವಾರ ನೀವೇ ತಿಳಿ ಅಂತ ಬರ್ದಿದ್ದೀರಲ್ಲ?"

ಮಗಳು ಬಂದು ನನ್ನ ಕೈ ಹಿಡಿದುಕೊಂಡಳು. "ಅಪ್ಪ, ಮೊದ್ಲು ಸುಧಾರಿಸ್ಕೋ. ಇಷ್ಟು ವರ್ಷದಲ್ಲಿ ಒಂದು ಸೀಸೆನೂ ಕೆಟ್ಟು ಬಂದಿಲ್ಲ. ದನ ಇಳಿದು ಕಲಕಿರುತ್ತೆ. ಹಾಸಿಗೆ ಹಿಡಿದೋರು ಇದಾರೆ, ಬಾಣಂತಿ ಇದಾಳೆ, ಸುಮ್ನೆ ಎಬ್ಬಿಸೋದು ಬೇಡ. ನಾಳೆ ಇನ್ನೊಂದು ಸೀಸೆ ನೋಡಿ ತೀರ್ಮಾನ ಮಾಡೋಣ."

ಸುತ್ತ ನಿಂತವರು ತಲೆದೂಗಿದರು. ಅವಳ ಮಾತಿನಲ್ಲಿ ಒಂದು ತಪ್ಪೂ ಇರಲಿಲ್ಲ. ಆ ಸೀಸೆಗಳು ನಿಜವಾಗಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಬೇರೊಂದು ಸುಳ್ಳು ಹುಡುಕಿದೆ. ಸುಳ್ಳಿಗೆ ನನ್ನಲ್ಲಿ ಎಂದೂ ಕೊರತೆಯಿಲ್ಲ, ನಾಲ್ಕಾರು ನಾಲಿಗೆ ತುದಿಗೇ ಬಂದವು. ಆದರೆ ಒಂದಕ್ಕೂ ಇವರು ಓಡುವುದಿಲ್ಲ, ನಡೆಯುತ್ತಾರೆ. ನನ್ನ ಮಗಳು ಎಲ್ಲರಿಗಿಂತ ಕೊನೆಯಲ್ಲಿ ನಡೆಯುತ್ತಾಳೆ.

"ಅದು ಅಣೆಕಟ್ಟಿನ ನೀರಲ್ಲ," ಅಂದೆ.

"ಯಾವುದು?"

"ಸೀಸೇಲಿ ಇದ್ದದ್ದು. ನಮ್ಮ ಅಡುಗೆಮನೆ ನಲ್ಲಿ ನೀರು ಅದು. ಹದಿನೇಳು ವರ್ಷದಿಂದ ನಾನು ಕೆಳಗೆ ಇಳಿದೇ ಇಲ್ಲ. ಇವತ್ತು ಇಳಿದೆ. ಮೂರು ವಾರದಿಂದ ಒಳಗಿನ ಮಣ್ಣು ಕೊಚ್ಕೊಂಡು ಬರ್ತಿದೆ."

ಮಗಳು ನನ್ನ ಕೈ ಬಿಟ್ಟಳು. ಹೋಗಿ ಶಾಲೆಯ ಗಂಟೆ ಬಾರಿಸತೊಡಗಿದಳು. ಯಾರೋ ನನ್ನ ವಂಶದವರನ್ನೆಲ್ಲ ಸೇರಿಸಿ ಬೈದರು, ಬೈಯುತ್ತಲೇ ಓಡಿದರು. ಇಪ್ಪತ್ತು ನಿಮಿಷದಲ್ಲಿ ನಲವತ್ತು ಮನೆಯೂ ಖಾಲಿ. ನನ್ನ ಇಡೀ ನೌಕರಿಯಲ್ಲಿ ನನ್ನ ಮಾತಿಗೆ ಅಷ್ಟು ಬೇಗ ಬೆಲೆ ಸಿಕ್ಕಿದ್ದು ಅದೊಂದೇ ಸಲ. ಮಗಳು ಅತ್ತೆಯ ತೋಳು ಹಿಡಿದು ನಡೆಸಿಕೊಂಡು ನನ್ನ ಪಕ್ಕದಲ್ಲೇ ಹಾದುಹೋದಳು. ಒಂದು ಮಾತು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಏರಿ ನಿಂತಿತು. ಲಾರಿಗಳು ಬಂದವು, ಕುದಿಯುವ ಜಾಗದ ಮೇಲೆ ಮರಳು, ಅದರ ಮೇಲೆ ಜಲ್ಲಿ ಸುರಿದರು. ನೀರಿನ ಮಟ್ಟ ಇಳಿದ ಹಾಗೆ ಗುಳುಗುಳು ತಗ್ಗಿ, ಮೂರನೇ ದಿನ ಮರಳಿನ ಮೇಲೆ ಬಂದ ನೀರು ತಿಳಿಯಾಯಿತು. ಚರಂಡಿಯ ನೀರು ಮೊದಲಿನಿಂದಲೂ ತಿಳಿಯಾಗಿಯೇ ಇತ್ತು, ಮಣ್ಣು ಹೋಗುತ್ತಿದ್ದದ್ದು ಬಾವಿಯ ಕಡೆಗೆ ಮಾತ್ರ ಎಂದು ಮೇಡಂ ಕಂಡುಹಿಡಿದರು.

ಇದನ್ನು ಕೇಳಿ ನನಗೆ ಹೋದ ಜೀವ ಬಂತು. ಮನೆಗೆ ಬಂದವನೇ ಹೆಂಡತಿಗೆ ಹೇಳಿದೆ, "ನೋಡು, ನಾನು ನಿಯತ್ತಾಗಿ ಚರಂಡಿ ನೀರೇ ತುಂಬಿದ್ರೆ ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ. ಒಂದು ಲೆಕ್ಕದಲ್ಲಿ ಅಣೆಕಟ್ಟು ಉಳಿಸಿದ್ದು ನಾನೇ."

"ಚರಂಡಿಗೆ ಹೋಗೋದು ಆ ಮೆಟ್ಟಿಲ ಮೇಲೇ ತಾನೆ?" ಅಂದಳು. "ಕುದೀತಿದ್ದದ್ದು ಅದರ ಪಕ್ಕದಲ್ಲೇ. ಇಳಿದಿದ್ರೆ ಕಣ್ಣಿಗೆ ಬೀಳ್ತಿರ್ಲಿಲ್ವಾ? ನಾನು ಹೇಳಿದ್ದು ಮೂರು ವಾರದ ಹಿಂದೆ. ನೀವು ಟ್ಯಾಂಕ್ ತೊಳಿ ಅಂದ್ರಿ."



ಇಲಾಖೆಯವರು ಪುಸ್ತಕವನ್ನು ನನ್ನಿಂದ ಕಿತ್ತುಕೊಂಡು ತೂಬಿನ ಚಕ್ರವನ್ನು ಮಾತ್ರ ಬಿಟ್ಟರು. ನೀರು ನೋಡುವ ಕೆಲಸವನ್ನು ಕೆಳಗಿನವರು ತಾವೇ ವಹಿಸಿಕೊಂಡರು. ಸೋಮವಾರಕ್ಕೊಂದು ಮನೆಯ ಸರದಿ. ಬಂದವರು ನನ್ನ ಮನೆ ಬಾಗಿಲಲ್ಲಿ ನಿಂತು, ತಾವೇ ತಂದ ಪುಸ್ತಕಕ್ಕೆ ಸಹಿ ಹಾಕುತ್ತಾರೆ, ಚಹಾ ಬೇಡವೆನ್ನುತ್ತಾರೆ.

ಹೋದ ಸೋಮವಾರ ಮಗಳ ಸರದಿ. ಗಂಟೆ ಬಾರಿಸಿದ ದಿನದಿಂದ ಅವಳು ನಮ್ಮ ಮನೆಗೆ ಬಂದಿರಲಿಲ್ಲ. ನಾನು ಬೆಳಿಗ್ಗೆಯೇ ಎರಡು ಸಲ ಇಳಿದು ಚರಂಡಿ, ಬಾವಿ, ಮರಳು ಎಲ್ಲವನ್ನೂ ಬಗ್ಗಿ ನೋಡಿ ಬಂದಿದ್ದೆ. ಒಂದು ಕಣ ಮಣ್ಣಿರಲಿಲ್ಲ. ಅವಳು ಬಂದು ಅಮ್ಮನನ್ನು ಮಾತಾಡಿಸಿದಳು, ಸೀಸೆ ಕೈಗೆ ತಗೊಂಡಳು.

"ಬಿಸಿಲು ಜಾಸ್ತಿ ಇದೆ, ಕೂತ್ಕೋ ಮಗಳೇ," ಅಂದೆ. "ನಾನು ಈಗ ತಾನೆ ನೋಡಿ ಬಂದೆ. ತಿಳಿಯಾಗಿದೆ."

"ಇರ್ಲಿ ಅಪ್ಪ," ಅಂದಳು ಮೆಲ್ಲಗೆ. "ನಾನೇ ನೋಡ್ತೀನಿ."

ಗದರಿದ್ದರೆ ತಡೆದುಕೊಳ್ಳುತ್ತಿದ್ದೆನೇನೋ. ಮೆಲ್ಲಗೆ ಹೇಳಿದ್ದನ್ನು ತಡೆದುಕೊಳ್ಳಲಾಗಲಿಲ್ಲ. ಅವಳು ಮಾಡುತ್ತಿರುವುದೇ ಸರಿ ಎಂದೂ ಗೊತ್ತಿತ್ತು. ನಾನು ಹೇಳಿದ್ದು ನಿಜವಾಗಿತ್ತು. ಅದು ನಿಜವೇ ಎಂದು ನೋಡಲು ನನ್ನ ಮಗಳು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದಳು.