ಎಂಜಿನ್ನಿಗೆ ಹಾಕಿದ ಚಡ್ಡಿ

ಹೋದ ಮಂಗಳವಾರ ನಮ್ಮ ಅತ್ತೆಯ ಬೋಟು ಹನ್ನೊಂದು ಜನರನ್ನು ಕೂರಿಸಿಕೊಂಡು ಹೋಗಿ, ನಡುಹೊಳೆಯಲ್ಲಿ ಕುಂಯ್ ಎಂದು ಕೂಗಿ ನಿಂತುಬಿಟ್ಟಿತು. ಆ ಹನ್ನೊಂದರಲ್ಲಿ ಒಬ್ಬ ದೋಣಿಗಳಿಗೆ ಪರವಾನಗಿ ಕೊಡುವ ಸಾಹೇಬ. ಹೊಳೆ ದಾಟೋಕೆ ಬೇರೆ ದಿನವೇ ಸಿಗಲಿಲ್ಲ ಪುಣ್ಯಾತ್ಮನಿಗೆ. ಮರಳು ಸಾಗಿಸುವವರು ಹಗ್ಗ ಎಸೆದು, ಹಠ ಹಿಡಿದ ಎಮ್ಮೆಯನ್ನು ಎಳೆದ ಹಾಗೆ ನಮ್ಮನ್ನು ದಡಕ್ಕೆ ಎಳೆದು ತಂದರು. ಸಾಹೇಬ ಪ್ಯಾಂಟಿನ ತುದಿ ಹಿಂಡಿಕೊಳ್ಳುತ್ತ ಹೇಳಿದ: "ಮುಂದಿನ ಮಂಗಳವಾರ ಮೂರು ಗಂಟೆಗೆ ಬರ್ತೀನಿ. ಎರಡು ಸಲ ಹೋಗಿ ಬರ್ಬೇಕು. ಮಧ್ಯ ನಿಂತ್ರೆ ಪರವಾನಗಿ ರದ್ದು."

ಅತ್ತೆ ಹದಿನಾರು ವರ್ಷದಿಂದ ಚುಕ್ಕಾಣಿ ಹಿಡಿದವಳು. ಆ ಕಾಗದ ಹೋದರೆ ಅವಳು ದಡದಲ್ಲಿ ಕೂತು ಬೇರೆಯವರ ಬೋಟು ನೋಡಬೇಕು. ಅವಳ ಎಂಜಿನ್ ನೋಡಿಕೊಳ್ಳುವವನು ನಾನು, ಅವಳ ತಮ್ಮನ ಮಗ. ಎಂಟನೇ ಕ್ಲಾಸಿಗೆ ನಾನು ಶಾಲೆ ಬಿಟ್ಟೆನೋ ಶಾಲೆ ನನ್ನನ್ನು ಬಿಟ್ಟಿತೋ, ಆ ಜಗಳ ಇನ್ನೂ ಮುಗಿದಿಲ್ಲ.

ಇವತ್ತು ಆ ಮಂಗಳವಾರ. ಬೆಳಿಗ್ಗೆ ಹತ್ತಕ್ಕೆ ಎಂಜಿನ್ನನ್ನು ಬೋಟಿನ ಹಿಂದಿನಿಂದ ಬಿಚ್ಚಿ, ಷೆಡ್ಡಿನಲ್ಲಿ ನೀರು ತುಂಬಿದ ಪೀಪಾಯಿಗೆ ಇಳಿಸಿ ಸ್ಟಾರ್ಟ್ ಮಾಡಿದೆ. ನಾಲ್ಕೇ ನಿಮಿಷ. ಮೈ ಕಾದರೆ ಕೂಗುವ ಅದೇ ಕುಂಯ್.

"ಇನ್ನೂ ಜ್ವರ ಇಳಿದಿಲ್ವಾ?" ಎಂದಳು ಅತ್ತೆ ಬಾಗಿಲಲ್ಲಿ ನಿಂತು.

"ಇಳಿದಿದ್ರೆ ಹೀಗೆ ಬಾಯಿ ಬಡ್ಕೊಳ್ಳುತ್ತಾ?"

"ಹೊಸದು ತಗೊಂಡ್ಬಿಡಮ್ಮ," ಎಂದಿತು ಇನ್ನೊಂದು ದನಿ. ಅದು ಡಿಪ್ಲೊಮಾ. ಅತ್ತೆಯ ಮಗ, ನನಗೆ ಭಾವ. ಮೂರು ವರ್ಷ ಓದಿ, ಈಗ ಮೋಟರ್ ಮಾರುವ ಅಂಗಡಿಯಲ್ಲಿ ಟೈ ಕಟ್ಟಿಕೊಂಡು ನಿಲ್ಲುತ್ತಾನೆ. ಅವನ ಪ್ರಕಾರ ಲೋಕದಲ್ಲಿ ಎರಡೇ ಥರ ಎಂಜಿನ್: ಹೊಸದು, ಮತ್ತು ಮಾರಬೇಕಾದದ್ದು. "ಇದು ಥರ್ಮೋಸ್ಟಾಟ್ ಸಮಸ್ಯೆ. ನಂಬರ್ ಒನ್ ಕಾರಣ," ಎಂದು ಫೋನಿನಲ್ಲಿ ಓದಿದ.

"ಭಾವ, ಆ ಫೋನು ಎಂಜಿನ್ ಮೈ ಮುಟ್ಟಿ ನೋಡಿದೆಯಾ?"

"ನೀನು ಮುಟ್ಟಿ ಮುಟ್ಟಿನೇ ಈ ಸ್ಥಿತಿಗೆ ತಂದಿದೀಯಲ್ಲ."

ನನ್ನ ಮೈಯೆಲ್ಲ ಉರಿಯಿತು. ಸ್ಪ್ಯಾನರ್ ಎಸೆಯಬೇಕೆನಿಸಿತು. ಹದಿನಾಲ್ಕರದ್ದು, ಕೆಲಸಕ್ಕೆ ಬೇಕಾದದ್ದು. ಎಸೆಯಲಿಲ್ಲ.

ಇಲ್ಲೊಂದು ಮಾತು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಬೋಟಿನ ಹಿಂದೆ ನೇತಾಡುವ ಇಂಥ ಮೋಟರ್ ಹೊಳೆಯ ನೀರನ್ನೇ ಕೆಳಗಿನಿಂದ ಹೀರಿ, ಮೈ ತಂಪು ಮಾಡಿಕೊಂಡು, ಹೊರಗೆ ಬಿಡುತ್ತದೆ. ಅದರಲ್ಲಿ ಸ್ವಲ್ಪ, ಪಕ್ಕದ ಸಣ್ಣ ತೂತಿನಿಂದ ಸುರ್ ಎಂದು ಎಳೆಯಾಗಿ ಹಾರುತ್ತದೆ. ಹಾರುತ್ತಿದ್ದರೆ ನೀರು ಮೇಲೆ ಹತ್ತುತ್ತಿದೆ ಎಂದರ್ಥ. ಪುಸ್ತಕದಲ್ಲಿ ಅದಕ್ಕೇನು ಹೆಸರಿದೆಯೋ, ನಮ್ಮ ಷೆಡ್ಡಿನಲ್ಲಿ ಅದು ಉಚ್ಚೆ. "ಉಚ್ಚೆ ಬರ್ತಿದೆಯಾ?" ಎಂದು ಕೇಳಿ, ಬರ್ತಿದೆ ಎಂದಮೇಲೆಯೇ ಹಗ್ಗ ಬಿಚ್ಚುವುದು.

ನಾನು ಇದನ್ನು ಬೋಟಿಗೆ ಬರುವ ಶಾಲೆಯ ಮಕ್ಕಳಿಗೂ ಕಲಿಸಿಕೊಟ್ಟೆ. ನಾನು ಯಾರಿಗಾದರೂ ಕಲಿಸಿದ ಒಂದೇ ಪಾಠ ಅದು. ಅವು ಈ ದಡದಿಂದ ಆ ದಡದವರೆಗೆ "ಉಚ್ಚೆ ಬರ್ತಿದೆ, ಉಚ್ಚೆ ಬರ್ತಿದೆ" ಎಂದು ಕಿರುಚಿಕೊಂಡು ಹೋದವು. ಅವುಗಳ ಜೊತೆಗಿದ್ದ ಟೀಚರಮ್ಮ ಅತ್ತೆಯ ಮುಖಕ್ಕೆ ಹೊಡೆದ ಹಾಗೆ ಹೇಳಿದಳು: "ನಿಮ್ಮ ಬೋಟಿನಲ್ಲಿ ಮರ್ಯಾದೆಯೇ ಇಲ್ವಲ್ಲ." ಅತ್ತೆಗೆ ಆ ರಾತ್ರಿ ಊಟ ಸೇರಲಿಲ್ಲ. ಮರುದಿನ ಒಂದು ಮೊಳ ಕಪ್ಪು ರಬ್ಬರ್ ಪೈಪು ತಂದು ಆ ತೂತಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ನೀರಿನೊಳಗೆ ಇಳಿಬಿಟ್ಟಳು. ಉಚ್ಚೆ ಯಾರಿಗೂ ಕಾಣದಂತಾಯಿತು.

"ಎಂಜಿನ್ನಿಗೆ ಚಡ್ಡಿ ಹಾಕಿದೀಯಾ ಅತ್ತೆ," ಎಂದು ನಕ್ಕಿದ್ದೆ. ತೆಗೆಯಲಿಲ್ಲ. ಮೂರು ತಿಂಗಳಿಂದ ಆ ಚಡ್ಡಿ ಹಾಗೇ ಇದೆ.

ಈಗ ಅದನ್ನು ಕಿತ್ತು ಬಿಸಾಡಿ ಮತ್ತೆ ಸ್ಟಾರ್ಟ್ ಮಾಡಿದೆ. ಸುರ್ ಎನ್ನಬೇಕಾದ ಜಾಗದಲ್ಲಿ ತೊಟ್ಟು. ಮತ್ತೆ ತೊಟ್ಟು. ಎಪ್ಪತ್ತು ದಾಟಿದ ತಾತ ಗೋಡೆಯ ಕಡೆ ಮುಖ ಮಾಡಿ ನಿಂತ ಹಾಗೆ.

"ನೋಡು! ಎಷ್ಟು ದಿನದಿಂದ ಹೀಗಿದೆಯೋ! ನೀನು ಚಡ್ಡಿ ಹಾಕಿ ಕೂರಿಸಿದ್ಯಲ್ಲ, ಯಾರಿಗೆ ಕಾಣ್ಬೇಕು?" ಎಂದು ನಾನು ಕೂಗಿದೆ.

ಅತ್ತೆಯ ಮುಖ ಇಳಿಯಿತು. "ನೀನು ಆ ಮಕ್ಕಳ ಬಾಯಿಗೆ ಆ ಮಾತು ಹಾಕ್ದೆ ಇದ್ದಿದ್ರೆ..." ಎಂದು ಶುರುಮಾಡಿ ಅಲ್ಲಿಗೇ ಬಿಟ್ಟಳು. ನನಗೆ ಭಾರೀ ಸಮಾಧಾನವಾಯಿತು. ತಪ್ಪು ಬೇರೆಯವರದು ಎಂದು ಗೊತ್ತಾದಾಗ ನನ್ನ ಕೈ ಚುರುಕಾಗುತ್ತದೆ.

ತೂತಿಗೆ ತಂತಿ ಹಾಕಿ ಚುಚ್ಚಿದೆ. ಕಸ ಇಲ್ಲ, ತೊಟ್ಟೂ ಬದಲಾಗಲಿಲ್ಲ. ಎಂಜಿನ್ನನ್ನು ಪೀಪಾಯಿಯಿಂದ ಎತ್ತಿ, ನೀರು ಹೀರುವ ಜಾಲರಿ ನೋಡಿದೆ. ಪ್ಲಾಸ್ಟಿಕ್ ಚೀಲ, ಜೊಂಡು, ಏನೂ ಸಿಕ್ಕಿಕೊಂಡಿಲ್ಲ. ಹಾಗಾದರೆ ಪಂಪು. ಎಂಜಿನ್ನಿನ ಕೆಳಗಿನ ಭಾಗಕ್ಕೆ ನಾವು ಕಾಲು ಅನ್ನುತ್ತೇವೆ. ಐದು ಬೋಲ್ಟು ಬಿಚ್ಚಿ ಕಾಲು ಕಳಚಿದರೆ ಒಳಗೆ ಪಂಪಿನ ರಬ್ಬರ್ ಚಕ್ರ ಸಿಗುತ್ತದೆ. ಆರು ಎಸಳಿನ ಹೂವಿನ ಹಾಗಿರುತ್ತದೆ, ಅದೇ ತಿರುಗಿ ನೀರನ್ನು ಮೇಲಕ್ಕೆ ತಳ್ಳುವುದು. ನಾಲ್ಕು ತಿಂಗಳ ಹಿಂದೆ ನಾನೇ ಹೊಸದು ಹಾಕಿದ್ದೆ. ತೆಗೆದು ನೋಡಿದೆ. ಆರೂ ಎಸಳು ಗಟ್ಟಿ.

"ಥರ್ಮೋಸ್ಟಾಟ್," ಎಂದ ಡಿಪ್ಲೊಮಾ, ಗಿಳಿಯ ಹಾಗೆ.

ಗಂಟೆ ಹನ್ನೆರಡೂವರೆ. ಸರಿ, ಅವನ ಆಸೆಯೂ ತೀರಲಿ ಎಂದು ಎಂಜಿನ್ನಿನ ನೆತ್ತಿಯಿಂದ ಅದನ್ನು ತೆಗೆದೆ. ಹೆಬ್ಬೆರಳಿನಷ್ಟು ಹಿತ್ತಾಳೆ ಮುಚ್ಚಳ. ನೀರು ಬಿಸಿಯಾದರೆ ತಾನಾಗಿ ತೆರೆದುಕೊಂಡು ದಾರಿ ಬಿಡಬೇಕು. ಅಡುಗೆಮನೆಗೆ ನುಗ್ಗಿ, ಕೈಗೆ ಸಿಕ್ಕ ಪಾತ್ರೆಯಲ್ಲಿ ನೀರು ಕುದಿಯಲಿಟ್ಟು ಅದನ್ನು ಹಾಕಿದೆ.

"ಅಯ್ಯೋ, ಹಾಲಿನ ಪಾತ್ರೆ ಕಣೋ ಅದು! ನಾಳೆ ಕಾಫಿಗೆ ಗ್ರೀಸ್ ವಾಸನೆ ಬರುತ್ತೆ!"

"ಪರವಾನಗಿ ಹೋದ್ರೆ ಕಾಫಿನೂ ಇರಲ್ಲ ಅತ್ತೆ."

ಮೂವರೂ ಪಾತ್ರೆಯ ಮೇಲೆ ಬಗ್ಗಿದೆವು. ನೀರು ಕುದಿಯತೊಡಗಿದ್ದೇ ಮುಚ್ಚಳ ಮೆಲ್ಲಗೆ ಬಾಯಿ ತೆರೆಯಿತು, ಡಿಪ್ಲೊಮಾನ ಬಾಯಿ ಮುಚ್ಚಿತು.

ಪಂಪು ಸರಿ. ಮುಚ್ಚಳ ಸರಿ. ಹಾಗಾದರೆ ಎರಡರ ಮಧ್ಯ, ದಾರಿಯಲ್ಲಿ ಏನೋ ಕೂತಿದೆ. ಏನು ಕೂತಿರಬಹುದು ಎಂದು ಯೋಚಿಸುತ್ತ ಷೆಡ್ಡಿಗೆ ವಾಪಸು ಬಂದೆ. ಮೂಲೆಯಲ್ಲಿ ಹಳೇ ಬಿಡಿಭಾಗಗಳ ಡಬ್ಬ ಇದೆ. ಯಾರೂ ನೋಡದ ಹಾಗೆ ಕೈ ಹಾಕಿದೆ. ನಾಲ್ಕು ತಿಂಗಳ ಹಿಂದೆ ತೆಗೆದ ಹಳೇ ಚಕ್ರ ಸಿಕ್ಕಿತು. ಎಣಿಸಿದೆ. ಐದು. ಮತ್ತೆ ಎಣಿಸಿದೆ, ಸುಳ್ಳಾಗಲಿ ಅಂತ. ಐದೇ.

ಆವತ್ತೂ ಐದೇ ಇತ್ತು. ಆವತ್ತೇ ನೋಡಿದ್ದೆ.

ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಆದರೆ ಕಾಲು ಬಿಚ್ಚಿದ ಎಂಜಿನ್ ಎಲ್ಲರ ಎದುರೇ ನಿಂತಿತ್ತು. ಕೈತೋಟದ ಪೈಪು ತಂದು, ಮುಚ್ಚಳ ತೆಗೆದ ನೆತ್ತಿಯ ತೂತಿಗೆ ಒತ್ತಿ ಹಿಡಿದು, ನಲ್ಲಿ ಪೂರ್ತಿ ತಿರುಗಿಸಲು ಅತ್ತೆಗೆ ಹೇಳಿದೆ. ನೀರು ಉಲ್ಟಾ ಹೋಗಬೇಕು, ಮೇಲಿಂದ ಕೆಳಕ್ಕೆ. ಮೊದಲು ಕೆಳಗಿನ ಕೊಳವೆಯಿಂದ ಕಂದು ನೀರು ಬಂತು. ಆಮೇಲೆ ಏನೂ ಬರಲಿಲ್ಲ. ನನ್ನ ಅಂಗೈ ಪಕ್ಕದಿಂದ ನೀರು ಚಿಮ್ಮಿ ಡಿಪ್ಲೊಮಾನ ಟೈ ತೊಯ್ಯಿಸಿತು. ಅದು ನಾನು ಬೇಕೆಂದು ಮಾಡಿದ್ದಲ್ಲ, ಆದರೂ ಮಾಡಿದ್ದೇ ಎಂದುಕೊಳ್ಳಲಿ. ಮತ್ತೆ ಒತ್ತಿ ಹಿಡಿದೆ. ಕೊಳವೆ ಎರಡು ಸಲ ಬಿಕ್ಕಿತು. ಟಪ್ ಎಂದು ಕೆಳಗಿಟ್ಟಿದ್ದ ತಟ್ಟೆಗೆ ಏನೋ ಬಿತ್ತು.

ಅತ್ತೆ ಎತ್ತಿ ಹಿಡಿದಳು. ಉಗುರಿನಷ್ಟು ಕಪ್ಪು ರಬ್ಬರ್.

"ಇದೇನು?"

"ಎಸಳು."

"ಹೊಸ ಚಕ್ರದಲ್ಲಿ ಆರೂ ಇದೆಯಲ್ಲ," ಎಂದ ಡಿಪ್ಲೊಮಾ. ಮೂರು ವರ್ಷದ ಓದಿಗೆ ಕೊನೆಗೂ ಒಂದು ಉಪಯೋಗ. "ಹಾಗಾದ್ರೆ ಇದು ಹಳೇದರದ್ದು. ಹಳೇದನ್ನ ಬಿಚ್ಚಿದಾಗ ಎಣಿಸ್ಲಿಲ್ವಾ ನೀನು?"

"ಎಣಿಸಿದ್ದೆ."

"ಮತ್ತೆ?"

"ಹಸಿವಾಗಿತ್ತು," ಎಂದೆ.

ಅದು ನಿಜ. ಐದು ಎಂದು ಕಂಡಿತ್ತು, ಆರನೆಯದು ಎಲ್ಲೋ ಕೊಚ್ಚಿಕೊಂಡು ಹೋಗಿರುತ್ತದೆ ಎಂದುಕೊಂಡು ಕೈ ತೊಳೆದು ಊಟಕ್ಕೆ ಎದ್ದಿದ್ದೆ. ಅದು ಎಲ್ಲೂ ಹೋಗಿರಲಿಲ್ಲ. ನನ್ನ ಸೋಮಾರಿತನದ ಹಾಗೆ ಒಳಗೇ ಕೂತು, ದಿನಕ್ಕಿಷ್ಟು ಜರುಗುತ್ತ ಬಂದು ಬಾಗಿಲು ಹಾಕಿಕೊಂಡಿತ್ತು.

ಅತ್ತೆ ಬಯ್ಯುತ್ತಾಳೆ ಎಂದು ಕಾದೆ. ಬಯ್ದಿದ್ದರೆ ತಿರುಗಿ ಬಯ್ಯಬಹುದಿತ್ತು. ಅವಳು ಎಸಳನ್ನು ನನ್ನ ಜೇಬಿಗೆ ಹಾಕಿ, "ನಾನು ಮುಚ್ಚಿಟ್ಟೆ, ನೀನು ನುಂಗಿಕೊಂಡೆ. ಇಬ್ರೂ ಸರಿಯಾಗೇ ಇದೀವಿ. ಬೇಗ ಜೋಡ್ಸು, ಒಂದೂವರೆ ಆಯ್ತು," ಎಂದಳು.

ಎರಡೂಮುಕ್ಕಾಲಿಗೆ ಎಂಜಿನ್ ಬೋಟಿನ ಬೆನ್ನಿಗೆ ಕೂತಿತು. ಚಡ್ಡಿ ಇಲ್ಲ. ಸ್ಟಾರ್ಟಿನ ಹಗ್ಗ ಎಳೆದೆ. ಸುರ್ರ್ ಎಂದು ಕಮಾನು ಕಟ್ಟಿ ಹಾರಿತು ನೋಡಿ, ಬೆಳಿಗ್ಗೆಯಿಂದ ತಡೆದುಕೊಂಡಿದ್ದ ಹುಡುಗನದ್ದರ ಹಾಗೆ.

ಸಾಹೇಬ ಫೈಲು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಹಲಗೆಯ ಮೇಲೆ ಕೂತ. ಅತ್ತೆ ಚುಕ್ಕಾಣಿಯಲ್ಲಿ, ನಾನು ಎಂಜಿನ್ ಪಕ್ಕ. ಒದ್ದೆ ಟೈ ಕೂಡ ಹತ್ತಿಕೊಂಡಿತು. ಒಂದು ಸಲ ಹೋಗಿ ಬಂದೆವು. ಕುಂಯ್ ಇಲ್ಲ. ಎರಡನೇ ಸಲ ಹೋಗಿ ವಾಪಸು ಬರುವಾಗ, ದಡ ಇನ್ನೇನು ಸಿಕ್ಕಿತು ಎನ್ನುವಾಗ, ಸಾಹೇಬ ಹಿಂದಕ್ಕೆ ಬಗ್ಗಿ ನೋಡಿದ.

"ಇದೇನ್ರೀ, ಸೋರ್ತಾ ಇದೆ?"

ಫಾರಂ ತಿರುಗಿಸಿದ. 'ಸೋರಿಕೆ: ಇದೆ / ಇಲ್ಲ' ಎಂದು ಅಚ್ಚಾಗಿತ್ತು. ಪೆನ್ನು 'ಇದೆ' ಮೇಲೆ ಹೋಗಿ ನಿಂತಿತು. ನಾನು ಬಾಯಿ ತೆರೆದೆ. ಅತ್ತೆ ತಿರುಗಿ ನೋಡಿದ ನೋಟಕ್ಕೇ ಮುಚ್ಚಿದೆ.

"ಅದು ಕೂಲಿಂಗ್ ವಾಟರ್ ಇಂಡಿಕೇಟರ್ ಸಾರ್," ಎಂದ ಡಿಪ್ಲೊಮಾ.

"ಇಂಡಿಕೇಟರ್ ಅಂದ್ರೆ ಲೈಟು ಇರುತ್ತೆ ಕಣ್ರೀ. ಇದು ನೀರು. ಸೋರಿಕೆನೇ."

ಪೆನ್ನಿನ ತುದಿ ಕಾಗದಕ್ಕೆ ತಗುಲಿತು. ಅತ್ತೆ ಚುಕ್ಕಾಣಿ ಬಿಡದೆ, ಎರಡೂ ದಡಕ್ಕೆ ಕೇಳುವ ಹಾಗೆ ಹೇಳಿದಳು:

"ಉಚ್ಚೆ ಸಾರ್ ಅದು! ಎಂಜಿನ್ ಉಚ್ಚೆ ಹೊಯ್ತಿದೆ. ಹೊಯ್ತಾ ಇದ್ರೆ ಆರೋಗ್ಯ. ಹೋದ್ವಾರ ಕಟ್ಕೊಂಡಿತ್ತು, ಅದ್ಕೇ ನಿಮ್ಮನ್ನ ನಡುನೀರಲ್ಲಿ ನಿಲ್ಸಿದ್ದು."

ಸಾಹೇಬನ ಪೆನ್ನು ನಿಂತಿತು. ಅನುಮಾನದಿಂದ ಕೈ ಚಾಚಿ ಆ ಎಳೆಯನ್ನು ಮುಟ್ಟಿದ.

"ಬೆಚ್ಚಗಿದೆಯಲ್ಲಮ್ಮ?"

"ನಿಮ್ದು ತಣ್ಣಗಿರುತ್ತಾ ಸಾರ್?"

ಡಿಪ್ಲೊಮಾ ಹೊಳೆಯ ಕಡೆ ಮುಖ ತಿರುಗಿಸಿದ. ನಾನು ನಾಲಿಗೆ ಕಚ್ಚಿಕೊಂಡೆ. ಬೋಟು ದಡಕ್ಕೆ ತಾಗಿತು. ಸಾಹೇಬ ಕರವಸ್ತ್ರದಲ್ಲಿ ಒಂದೊಂದೇ ಬೆರಳು ಒರೆಸಿಕೊಂಡು, 'ಇದೆ' ಹೊಡೆದುಹಾಕಿ, ಷರಾ ಎನ್ನುವ ಜಾಗದಲ್ಲಿ ಏನೋ ಗೀಚಿ, ಮೊಹರು ಒತ್ತಿ ಇಳಿದು ಹೋದ. ಅವನ ಭುಜ ಅಲುಗುತ್ತಿತ್ತು. ನಗುತ್ತಿದ್ದನೋ ಸಿಟ್ಟಾಗಿದ್ದನೋ ಹಿಂದಿನಿಂದ ತಿಳಿಯಲಿಲ್ಲ.

ಕಾಗದ ನಾನೇ ಓದಿದೆ. 'ಯಂತ್ರದ ಜಲವಿಸರ್ಜನೆ ತೃಪ್ತಿಕರವಾಗಿದೆ.'

"ಏನಂತೆ?" ಎಂದಳು ಅತ್ತೆ.

"ನೀನು ಹೇಳಿದ್ದೇ. ಟೀಚರಮ್ಮನಿಗೂ ಓದಿ ಹೇಳ್ಬಹುದು, ಹಾಗೆ ಬರೆದಿದಾನೆ."