ಒಂದೇ ಅಳತೆಯ ಊರುಗೋಲು

"ಏ ಕುಂಟ ರಂಡಿ, ಬ್ಯಾಳ್ಯಾಗ ಹಳ್ಳು ಹಂಗೇ ಅದಾವಲ್ಲ! ಕಣ್ಣೂ ಮಷೀನಿಗೆ ಕೊಟ್ಟು ಬಂದೀಯೇನ?"

ಕೂಲಿಯವರ ಮೇಲಿನ ಮುಕಾದಮ ಅಂಬಣ್ಣ ಮೊರಕ್ಕೆ ಒದ್ದ. ಪುತಳಾಬಾಯಿ ಬೆಳಗಿನಿಂದ ಹಸನು ಮಾಡಿದ್ದ ತೊಗರಿಬೇಳೆ ಮಿಲ್ಲಿನ ಅಂಗಳದ ತುಂಬ ಚೆಲ್ಲಿತು. ಸಾಲಿನಲ್ಲಿ ಕೂತ ಹೆಂಗಸರು ತಲೆ ಎತ್ತಲಿಲ್ಲ.

ಬೇಳೆಯೊಳಗಿನ ಹಳ್ಳು, ಸಣ್ಣ ಕಲ್ಲು, ಕಣ್ಣಿಗೆ ಕಾಣುತ್ತಿತ್ತು. ಬೆರಳಿಗೆ ಸಿಗುತ್ತಿರಲಿಲ್ಲ. ಎರಡು ತಿಂಗಳಿಂದ ಅವಳ ಬೆರಳುಗಳು ಬೇರೆ ಯಾರವೋ ಆಗಿದ್ದವು.

"ಕೈಗೆ ಜೋಮ ಹಿಡದದ್ರಿ, ಯಣ್ಣಾ."

"ಕಾಲ ಆತು, ಈಗ ಕೈ. ನಾಳೆ ಏನ ಹೇಳ್ತಿ? ಸೋಮವಾರ ಕಮಲಾಪುರದಾಗ ಸಾವ್ಕಾರ್ರ ಹೊಸ ಮಿಲ್ಲಿನ ಪೂಜಾ ಅದ. ಅವರು ಕೊಟ್ಟ ಊರುಗೋಲ ಬಡಿಗಿ ತಗೊಂಡವ್ರೆಲ್ಲಾ ಲೈನ್ ನಿಂದ್ರಬೇಕು. ಅದೊಂದ ಮುಗೀಲಿ. ಆಮ್ಯಾಲ ಒಂದ ಹಳ್ಳು ಸಿಕ್ಕರ ಸೈತ ಗೇಟ್ ದಾಟಿ ಒಳಗ ಬರಬ್ಯಾಡ."

ಅವಳ ಒಂದು ಕಾಲು ಹೋದದ್ದು ಇದೇ ಮಿಲ್ಲಿನ ಮಷೀನಿನ ಬೆಲ್ಟಿಗೆ. ಸೀರೆ ಸಿಕ್ಕಿತ್ತು. ಸಾಹುಕಾರ ಜಗದೇವಪ್ಪ ಬೆಲ್ಟಿಗೆ ಮರೆಯಾಗಿ ತಂತಿಯ ಜಾಳಿ ಹಾಕಿಸಲಿಲ್ಲ. ಸತ್ತ ತಾಯಿಯ ಹೆಸರಿನಲ್ಲಿ ಇಪ್ಪತ್ತೈದು ಜೋಡಿ ಊರುಗೋಲು ಮಾಡಿಸಿ ಊರಿನ ಕಾಲಿಲ್ಲದವರಿಗೆ ಹಂಚಿದ. ಫೋಟೋದಲ್ಲಿ ಸಾಲು ಚೆಂದ ಬರಲೆಂದು ಎಲ್ಲವೂ ಒಂದೇ ಅಳತೆ. ಬುಡದಲ್ಲಿ, ರಬ್ಬರಿಗೆ ತಗಲಿದಂತೆ, ಸಣ್ಣ ಕೆಂಪಕ್ಷರ: ಲಿಂಗೈಕ್ಯ ಸೂಗಮ್ಮನವರ ಸ್ಮರಣಾರ್ಥ.

ದವಾಖಾನೆಯಲ್ಲಿ ಕಾಲು ಹೋದವರಿಗೆ ನಡಿಗೆ ಕಲಿಸುವ ಅಫ್ರೀನ್ ಅವಳನ್ನು ಗೋಡೆಗೆ ಆನಿಸಿ ನಿಲ್ಲಿಸಿದಳು.

"ಇದು ನಿಮ್ಮ ಅಳತೀದಲ್ಲ ಅಕ್ಕಾ. ನಾಲ್ಕ ಬೆರಳ ಉದ್ದ ಅದ. ಬಗಲಾಗಿನ ನರ ಹಿಚಕಾಕತ್ತದ. ಹಿಡಿಕಿ ಮ್ಯಾಲಾಗಿ ಮಣಿಕಟ್ಟ ಮುರದಂಗ ಬಾಗ್ತದ. ಕೈ ಇಳಿಬಿಟ್ರ ಹಿಡಿಕಿ ಮಣಿಕಟ್ಟಿನ ಸರೀಗೆ ಬರಬೇಕು. ಬಗಲಿಗೂ ಬಡಿಗಿಗೂ ನಡುವ ಎರಡ ಮೂರ ಬೆರಳ ಸಂದಿ ಇರಬೇಕು. ಭಾರ ಬಗಲಿಗಲ್ಲ, ಅಂಗೈ ಬುಡಕ್ಕ. ಹಿಡಿಕಿಗೆ ಹಳೇ ಸೀರಿ ದಪ್ಪಗ ಸುತ್ರಿ. ಕೆಳಗ ಕಡಸ್ರಿ, ಎಲ್ಲಾ ಸರಿ ಹೋಗ್ತದ."

"ಕಡಸ್ಲಿಲ್ಲಂದ್ರ?"

ಅಫ್ರೀನ್ ಅವಳ ಕೈ ಹಿಡಿದಳು. ಪುತಳಾಬಾಯಿ ಕಿಟಕಿಯಾಚೆ ನೋಡುತ್ತ ಕಾದಳು.

"ಬೆರಳಿಗೆ ಆಗಳೇ ಸೂಜಿ ಚುಚ್ಚೀನಿ ಅಕ್ಕಾ," ಎಂದಳು ಅಫ್ರೀನ್ ಮೆಲ್ಲಗೆ.

ಮರುದಿನ ಸಾಹುಕಾರ ಕಾರು ಹತ್ತುವಾಗ, ಊರುಗೋಲಿನ ಬುಡ ಕಡಿಸಲೇ ಎಂದು ಅವಳು ಕೇಳಿದಳು. ಅವನು ಸಿಟ್ಟಾಗಲಿಲ್ಲ, ನಕ್ಕ.

"ನಮ್ಮವ್ವನ ಹೆಸರಿಗೆ ಗರಗಸ ಹಚ್ತೀಯಾ? ಆಕಿ ಬದುಕಿದ್ದಾಗ ನಿಮ್ಮಂಥವ್ರಿಗೆ ಅಂಗಳದಾಗ ಕಾಲಿಡಾಕ ಬಿಟ್ಟಾಕೆಲ್ಲ. ಈಗ ಆಕಿ ಹೆಸರ ಹಿಡಕೊಂಡು ಅಡ್ಡಾಡಾಕತ್ತಿ. ಪುಣ್ಯಾ ಅನ್ನು. ಬಡಿಗಿ ಹೆಂಗ ಅದನೋ ಹಂಗ ನೀ ನಡ್ಯಾಕ ಕಲಿ."

ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಬಡಗಿ ಕರೀಂಸಾಬ್ ಅಳತೆ ಹಿಡಿದು ಗೆರೆ ಎಳೆದ. ಗರಗಸ ಇಟ್ಟವನು ಕೆಂಪಕ್ಷರ ಕಂಡು ಕೈ ತೆಗೆದ.

"ಈ ದುಕಾನ ಸಾವ್ಕಾರ್ರದೇ ಅದ, ಯವ್ವಾ. ನಿನ್ನ ಕಾಲ ಹೋದಾಗ ಯಾರೂ ಕೇಳಲಿಲ್ಲ. ಈ ಹೆಸರ ಹೋದ್ರ ಊರೆಲ್ಲಾ ಕೇಳ್ತದ."

ಗರಗಸವನ್ನು ಅವಳ ಪಕ್ಕಕ್ಕೆ ಇಟ್ಟ. ಆಮೇಲೆ ಟೊಪ್ಪಿಗೆ ಹಾಕಿಕೊಂಡ.

"ನಾ ನಮಾಜಿಗೆ ಹೋಗ್ತೀನಿ. ಬರಾಕ ಹೊತ್ತಾಗ್ತದ. ಗರಗಸ ಇಲ್ಲೇ ಇರ್ತದ."

ಪುತಳಾಬಾಯಿ ನೆಲಕ್ಕೆ ಕೂತು, ಇದ್ದೊಂದು ಕಾಲಿನಿಂದ ಊರುಗೋಲು ಒತ್ತಿ ಹಿಡಿದಳು. ಬೆರಳಲ್ಲಿ ಗರಗಸ ನಿಲ್ಲಲಿಲ್ಲ. ಸೆರಗು ಹರಿದು, ಅದರಿಂದ ಗರಗಸವನ್ನು ಮುಂಗೈಗೆ ಕಟ್ಟಿಕೊಂಡು ಗೆರೆಯ ಮೇಲೆ ಕೊಯ್ದಳು. ಕೆಂಪಕ್ಷರದ ಎರಡು ತುಂಡು ಬಿದ್ದವು. ರಬ್ಬರನ್ನು ಮತ್ತೆ ಬುಡಕ್ಕೆ ತೊಡಿಸಿ, ಉಳಿದ ಸೆರಗಿನ ಚೂರನ್ನು ಹಿಡಿಕೆಗೆ ಸುತ್ತಿದಳು.

ಸೋಮವಾರ ಕಮಲಾಪುರದ ಹೊಸ ಮಿಲ್ಲಿನ ಅಂಗಳದಲ್ಲಿ ಇಪ್ಪತ್ತೈದು ಜನ ಗೋಡೆಗುಂಟ ನಿಂತರು. ಫೋಟೋದವನು ಮೊಬೈಲು ಕೆಳಗಿಳಿಸಿದ.

"ಮೂರನೇ ಜೋಡಿ ಗಿಡ್ಡ ಅದ ನೋಡ್ರಿ, ಸಾವ್ಕಾರ್ರ. ಲೈನ್ ಕೆಡಾಕತ್ತದ."

ಜಗದೇವಪ್ಪ ಹತ್ತಿರ ಬಂದು ಬಗ್ಗಿ ನೋಡಿದ.

"ನಮ್ಮವ್ವನ ಹೆಸರೆಲ್ಲಿ?"

"ಕಡದೀನ್ರಿ. ಕೈ ಸಾಯಾಕತ್ತಿದ್ವು."

ಸ್ವಾಮಿಗಳೂ ಬೀಗರೂ ಕುರ್ಚಿಯಲ್ಲಿದ್ದರು. ಅವನ ಮುಖದ ನಗು ಅಳಿಯಲಿಲ್ಲ.

"ಅಂಬಣ್ಣಾ, ದೊಡ್ಡ ಮಂದೀಗೆ ಊಟಕ್ಕ ಕರಕೊಂಡು ಹೋಗು. ಹೊರಗ ಪೆಂಡಾಲದಾಗ. ಆಮ್ಯಾಲ ಗೇಟ್ ಹಾಕು."

ಕುರ್ಚಿಗಳು ಖಾಲಿಯಾದವು. ಫೋಟೋದವನೂ ಹೊರಟ. ಅಂಬಣ್ಣ ಇಬ್ಬರು ಆಳುಗಳೊಂದಿಗೆ ಮರಳಿ ಬಂದ.

ಪಕ್ಕದಲ್ಲಿದ್ದ ಬೀರಲಿಂಗ, ಕಲ್ಲುಗಣಿಯಲ್ಲಿ ಕಾಲು ಕಳೆದುಕೊಂಡವನು, ತುಟಿ ಅಲುಗದಂತೆ ಕೇಳಿದ:

"ತಂಗೀ, ನನ್ನವೂ ಜೋಮ ಹಿಡೀತಾವ. ನಂದ ಎಷ್ಟ ಕಡೀಬೇಕು?"

ಪುತಳಾಬಾಯಿ ಅಂಗೈ ಬುಡದ ಮೇಲೆ ಭಾರ ಬಿಟ್ಟು ಅವನ ಕಡೆ ತಿರುಗಿದಳು. ಒಂದು ಕೈ ಬಿಡಿಸಿಕೊಂಡು ಅವನ ಬಗಲಲ್ಲಿ ಬೆರಳಿಟ್ಟಳು. ಸಂದಿಯೇ ಇರಲಿಲ್ಲ. ಆಚೆಯವನೂ ಕತ್ತು ಚಾಚಿ ನೋಡಿದ, ಅವನಾಚೆಯವಳೂ.

"ಏ, ಸರದ ನಿಂದ್ರಲೇ ಬೋಸಡಿ!" ಅಂಬಣ್ಣ ಕೂಗಿದ. ಗೇಟಿನ ಅಗುಳಿ ಬಿದ್ದ ಸದ್ದಾಯಿತು. ಹೆಜ್ಜೆಗಳು ಇತ್ತ ಬಂದವು.

ಅವಳು ತಿರುಗಿ ನೋಡಲಿಲ್ಲ.

"ಹೆಗಲ ಇಳಸು, ಯಣ್ಣಾ," ಎಂದಳು. "ಕೈ ಸಡಲ ಬಿಡು."