ಹೆಬ್ಬೆಟ್ಟಿನ ಇಟ್ಟಿಗೆ

"ಒತ್ತೇ ಮುದುಕಿ! ಅನ್ನ ತಿನ್ನೋ ಕೈ ತಾನೆ? ಗಟ್ಟಿಯಾಗಿ ಒತ್ತು."

ಮುದುಕಿ ಹೆಬ್ಬೆಟ್ಟನ್ನು ಬಟ್ಟೆಗೆ ಒರೆಸಿ ಐದನೆಯ ಸಲ ಗಾಜಿನ ಮೇಲೆ ಒತ್ತಿದಳು. ಯಂತ್ರದ ಕೆಂಪು ದೀಪ ಮತ್ತೆ ಹತ್ತಿತು.

"ಗೆರೇನೇ ಇಲ್ವಲ್ಲೇ! ಗಡಿ ದಾಟುವಾಗ ಅಲ್ಲೇ ಬಿಟ್ಟು ಬಂದ್ಯಾ?" ಗುಮಾಸ್ತ ಪಕ್ಕದವನನ್ನು ನೋಡಿ ನಕ್ಕ.

"ಮೂವತ್ತು ವರ್ಷ ಇಲ್ಲೇ ಇಟ್ಟಿಗೆ ಕೊಯ್ದಿದ್ದೀನಿ ಸ್ವಾಮಿ. ಮರಳು ತಿಂದ್ಬಿಡ್ತು."

"ಹಾಗಾದ್ರೆ ಮರಳನ್ನೇ ಕೇಳು ಹೋಗು. ನಡಿ, ಮುಂದಿನೋರು ಬರ್ಲಿ."

ಇಲ್ಲೇ ಹುಟ್ಟಿದ ಮಗಳ ಹೆಸರು ನಾಗರಿಕರ ಪಟ್ಟಿಗೆ ಸೇರಿತ್ತು. ತಾಯಿಯದು ಸೇರಲಿಲ್ಲ. ಸೇರದವರನ್ನು ಸೋಮವಾರ ಲಾರಿ ಹತ್ತಿಸಿ ಗಡಿಯಾಚೆ ಬಿಡುತ್ತಾರೆಂದು ಕಚೇರಿ ಬಾಗಿಲಲ್ಲೇ ಚೀಟಿ ಅಂಟಿಸಿದ್ದರು.

ಮಗಳ ಜೊತೆ ಹೊರಗೆ ಬಂದ ಮುದುಕಿ ಮೆಟ್ಟಿಲ ಮೇಲೆ ಕೂತಳು. ಅಂಚಿನ ಇಟ್ಟಿಗೆಗೆ ಊರಿದ ಕೈ ಅಲ್ಲೇ ನಿಂತಿತು. ಇಟ್ಟಿಗೆಯಲ್ಲೊಂದು ಪುಟ್ಟ ಪಾದದ ಅಚ್ಚು, ಪಕ್ಕದಲ್ಲಿ ಹೆಬ್ಬೆಟ್ಟಿನ ಗುಳಿ.

ಇಟ್ಟಿಗೆ ಗೂಡಿನ ಹೆಂಗಸರು ಸಂಜೆ ತಮ್ಮ ಸಾಲಿನ ಕೊನೆಯ ಇಟ್ಟಿಗೆಗೆ ಹೆಬ್ಬೆಟ್ಟು ಒತ್ತುತ್ತಿದ್ದರು. ಬೆಳಗ್ಗೆ ಸಾಲು ಯಾರದೆಂದು ಜಗಳ ಬರಬಾರದಲ್ಲ. ಒಂದು ಸಂಜೆ, ಆಗಷ್ಟೇ ನಡೆಯಲು ಕಲಿತ ಮಗಳು ತಾಯಿ ಹೆಬ್ಬೆಟ್ಟೊತ್ತಿದ ಹಸಿ ಇಟ್ಟಿಗೆಯನ್ನೇ ತುಳಿದಳು. ಮೇಸ್ತ್ರಿ ಮಗುವಿನ ಬೆನ್ನಿಗೆ ಬಾರಿಸಿದ. ಆ ಗುರುತನ್ನು ಅಳಿಸಲು ತಾಯಿಗೆ ಮನಸ್ಸಾಗಲಿಲ್ಲ. ಮೇಸ್ತ್ರಿಯ ಕಣ್ಣು ತಪ್ಪಿಸಿ ಇಟ್ಟಿಗೆಯನ್ನು ಸುಡಲು ಗೂಡಿಗೆ ಸೇರಿಸಿದ್ದಳು. ಅದೇ ಇಟ್ಟಿಗೆ ಈಗ ಈ ಮೆಟ್ಟಿಲಲ್ಲಿತ್ತು.

"ನಿನ್ ಕಾಲು ಕಣೇ ಇದು," ಎಂದು ಮಗಳಿಗೆ ತೋರಿಸಿದಳು.

ಗುಮಾಸ್ತ ಊಟಕ್ಕೆ ಹೊರಟಿದ್ದ. ಮಗಳು ಅಡ್ಡ ನಿಂತಳು. "ನೋಡಿ ಸಾರ್, ನಮ್ಮಮ್ಮನ ಹೆಬ್ಬೆಟ್ಟು. ಗೆರೆ ಸಮೇತ ಇದೆ."

"ಇದೂ ದಾಖಲೇನಾ? ನಾಳೆ ಕತ್ತೇನೂ ಗೊರಸು ತೋರಿಸ್ಕೊಂಡು ಬರುತ್ತೆ, ಬಿಡು." ಅವನು ಇಟ್ಟಿಗೆಯನ್ನು ತುಳಿದುಕೊಂಡೇ ಇಳಿದುಹೋದ.

ಸಾಲಿನಲ್ಲಿದ್ದ ಗಾರೆ ಕೆಲಸದವನು ಕೆಲಸದಿಂದ ನೇರ ಬಂದಿದ್ದ. ಮುದುಕಿ ಅವನ ಚೀಲದತ್ತ ಕೈಚಾಚಿದಳು. "ಕರಣೆ ಕೊಡಪ್ಪ."

ಅವನು ತೆಗೆದು ಕೊಟ್ಟ. ಆಕೆ ಆ ಇಟ್ಟಿಗೆಯ ಸುತ್ತಲ ಸಂದಿನ ಸಿಮೆಂಟು ಕೆರೆಯತೊಡಗಿದಳು.

"ಏಯ್ ಮುಂಡೇ! ಸರ್ಕಾರದ ಮೆಟ್ಟಿಲು ಅದು!" ಕಾವಲಿನವನು ದೊಣ್ಣೆ ಎತ್ತಿಕೊಂಡು ಓಡಿಬಂದ.

"ಮೆಟ್ಟಿಲು ಸರ್ಕಾರಾನೇ ಇಟ್ಕೊಳ್ಲಿ. ಈ ಕಾಲು ನನ್ ಮಗಳ್ದು."

ಮಗಳು ಭುಜ ಹಿಡಿದೆಳೆದಳು. "ಬಿಡಮ್ಮ, ಇದನ್ನ ಕಿತ್ತು ತೋರಿಸಿದ್ರೂ ಅವ್ರು ಒಪ್ಪಲ್ಲ."

"ಅವ್ರಿಗೆ ತೋರಿಸೋಕಲ್ವೇ." ಮುದುಕಿ ತಲೆ ಎತ್ತಲಿಲ್ಲ. "ಸೋಮವಾರ ಒಬ್ಳೇ ಹೋಗೋಕೆ ನನ್ ಕೈಲಾಗಲ್ಲ. ನಿನ್ನ ಎತ್ಕೊಂಡು ಹೋಗ್ತೀನಿ."

ದೊಣ್ಣೆ ಬೆನ್ನಿಗೆ ಬಿತ್ತು. ಕರಣೆ ನಿಲ್ಲಲಿಲ್ಲ. ಇಟ್ಟಿಗೆ ಒಂದಿಷ್ಟು ಅಲುಗಿತು.